ಟ್ರಮಡಾಲ್ 50 ಎಂಜಿ: ನನಗೆ ನಾಟ್ತು, ಅಕ್ಕನಿಗೆ ನಾಟ್ಲಿಲ್ಲ

ಭುಜದ ಆಪರೇಷನ್ ಆಗಿ ಮೂರನೇ ದಿನ ಮನೆಗೆ ಕಳಿಸ್ತಾ ಕೊಟ್ಟ ಚೀಟಿಲಿ ಮೊದಲನೇ ಸಾಲೇ ಇದು, ಟ್ರಮಡಾಲ್ 50 ಎಂಜಿ ಕ್ಯಾಪ್ಸೂಲ್, ನೋವಿದ್ರೆ ಆರು ಗಂಟೆಗೊಂದು, ಐದು ದಿನ. ಈ ಹೆಸರನ್ನ ನಾನು ಹನ್ನೊಂದು ವರ್ಷದಿಂದ ಓದ್ತಾನೇ ಇದೀನಿ, ಆದ್ರೆ ಮಾತ್ರೆ ಪಟ್ಟಿ ಮೇಲಲ್ಲ, ಮಷೀನಿಂದ ಬರೋ ಕಾಗದದ ಮೇಲೆ, ಯಾಕಂದ್ರೆ ನನ್ನ ಕೆಲಸ ಟಾಕ್ಸಿಕಾಲಜಿ ಲ್ಯಾಬಲ್ಲಿ, ರಕ್ತದಲ್ಲಿ ಮೂತ್ರದಲ್ಲಿ ಯಾವ ಔಷಧಿ ಎಷ್ಟಿದೆ ಅಂತ ಹುಡುಕೋದು. ನುಂಗಿದೋರೂ ನಾನೇ, ಅಳೆಯೋರೂ ನಾನೇ, ಹಾಗಾಗಿ ಎರಡೂ ಕಡೆಯಿಂದ ಬರೀತೀನಿ. ಅದಕ್ಕಿಂತ ದೊಡ್ಡ ಕಾರಣ ನಮ್ಮ ಅಕ್ಕ. ಇದೇ ಮಾತ್ರೆ, ಇದೇ 50 ಎಂಜಿ, ಅವಳಿಗೆ ಆಗಿದ್ದು ಪೂರ್ತಿ ಬೇರೆ ಕಥೆ, ಅದನ್ನ ಹೇಳ್ದೆ ಈ ಮಾತ್ರೆಗೆ ಮಾರ್ಕ್ಸ್ ಕೊಟ್ರೆ ಅನ್ಯಾಯ ಆಗತ್ತೆ.

ಮೊದಲು ನನ್ನ ಅನುಭವ ಹೇಳಿ ಮುಗಿಸ್ತೀನಿ. ಬೆಳಿಗ್ಗೆ ಮೊದಲನೇ ಕ್ಯಾಪ್ಸೂಲ್ ತಗೊಂಡೆ, ಮುಕ್ಕಾಲು ಗಂಟೆ ಏನೂ ಇಲ್ಲ, ಒಂದು ಗಂಟೆ ದಾಟಿದ ಮೇಲೆ ಹಲ್ಲು ಕಚ್ಚಿಕೊಂಡಿದ್ದು ಸಡಿಲ ಆಗಿದೆ ಅಂತ ಗೊತ್ತಾಯ್ತು, ಎರಡು ಗಂಟೆಗೆ ಶರ್ಟಿನ ತೋಳಿಗೆ ಕೈ ತೂರಿಸೋಕೆ ಆಯ್ತು, ಹಿಂದಿನ ದಿನ ಅದಕ್ಕೆ ಇಬ್ಬರು ಬೇಕಾಗಿತ್ತು. ನೋವು ಪೂರ್ತಿ ಹೋಗಲ್ಲ, ಹತ್ತರಲ್ಲಿ ಎಂಟಿದ್ದದ್ದು ಮೂರಕ್ಕೆ ಬಂತು ಅನ್ನಬಹುದು. ಜೊತೆಗೆ ಬಂದಿದ್ದು ಹೊಟ್ಟೆ ತೊಳೆಸೋದು, ಎದ್ದು ನಿಂತ ಕೂಡ್ಲೇ ತಲೆ ಗಿರ್ ಅನ್ನೋದು, ಕತ್ತಿನ ಹಿಂದೆ ತಣ್ಣಗೆ ಬೆವರು, ಬಾಯಿ ಒಣಗೋದು, ಮೂರನೇ ದಿನದಿಂದ ಮಲಬದ್ಧತೆ. ವಾಂತಿ ಒಂದೇ ಸಲ ಆಯ್ತು, ಅದೂ ಮಾತ್ರೆ ತಗೊಂಡು ಸುಮ್ನೆ ಮಲಗೋದು ಬಿಟ್ಟು ಓಡಾಡಿದ್ದಕ್ಕೆ. ಐದು ದಿನ ಅಂದಿದ್ರು, ನಾಲ್ಕನೇ ದಿನಕ್ಕೆ ಬರೀ ಪ್ಯಾರಾಸಿಟಮಾಲ್ ಸಾಕಾಯ್ತು. ಇಷ್ಟೇ ಆಗಿದ್ರೆ ಒಳ್ಳೆ ಮಾತ್ರೆ ಅಂತ ಎರಡು ಸಾಲು ಬರೆದು ಬಿಡ್ತಿದ್ದೆ.

ಈ ಮಾತ್ರೆ ಬಗ್ಗೆ ಜನಕ್ಕೆ ಗೊತ್ತಿಲ್ದೇ ಇರೋದು, ಎಷ್ಟೋ ಸಲ ಬರೆದು ಕೊಡೋರೂ ಮರೆಯೋದು ಏನಂದ್ರೆ, ಡಬ್ಬಿಲಿರೋ ಔಷಧಿನೇ ಪೂರ್ತಿ ಔಷಧಿ ಅಲ್ಲ. ಟ್ರಮಡಾಲ್ ಜರ್ಮನಿಯ ಗ್ರೂನೆಂಟಾಲ್ ಕಂಪನಿಯಲ್ಲಿ 1962ರಲ್ಲಿ ತಯಾರಾಗಿದ್ದು, 1977ರಲ್ಲಿ ಅಲ್ಲೇ ಮಾರುಕಟ್ಟೆಗೆ ಬಂತು. ಮಾರ್ಫಿನ್ ಹೋಗಿ ಕೂರೋ ಮ್ಯೂ ರಿಸೆಪ್ಟರ್ ಅನ್ನೋ ಬೀಗ ನರಕೋಶದ ಮೇಲೆ ಇದೆಯಲ್ಲ, ಅದರ ಮೇಲೆ ಟ್ರಮಡಾಲ್‌ನ ಹಿಡಿತ ಮಾರ್ಫಿನ್‌ಗಿಂತ ಸುಮಾರು 6000 ಪಟ್ಟು ಕಮ್ಮಿ, ಅಂದ್ರೆ ಓಪಿಯಾಯ್ಡ್ (ಮಾರ್ಫಿನ್ ಥರ ಕೆಲಸ ಮಾಡೋ ನೋವಿನ ಔಷಧಿ) ಅಂತ ಕರೆಯೋಕೇ ನಾಚಿಕೆ ಆಗೋಷ್ಟು ಕಮ್ಮಿ. ಆಮೇಲೆ ಲಿವರ್ ಒಳಗೆ ಸಿವೈಪಿ 2ಡಿ6 ಅನ್ನೋ ಎಂಜೈಮ್ ಅದರ ಒಂದು ಮೂಲೆಯಲ್ಲಿರೋ ಆಮ್ಲಜನಕದ ಮೇಲಿಂದ ಒಂದೇ ಒಂದು ಮಿಥೈಲ್ ತುಣುಕನ್ನ ಕಿತ್ತು ಹಾಕತ್ತೆ, ಆಗ ಹುಟ್ಟೋದು ಓ-ಡೆಸ್‌ಮಿಥೈಲ್ ಟ್ರಮಡಾಲ್, ನಾವು ಲ್ಯಾಬಲ್ಲಿ ಎಂ1 ಅಂತೀವಿ, ಅದರ ಹಿಡಿತ ಮೂಲ ಟ್ರಮಡಾಲ್‌ಗಿಂತ ಸುಮಾರು 200 ಪಟ್ಟು ಜಾಸ್ತಿ. ಬೀಗ ತೆಗೆಯೋ ಕೀಲಿ ಇದು. ನಾವು ನುಂಗೋದು ಕೀಲಿ ಮಾಡೋಕೆ ಬೇಕಾದ ಕಬ್ಬಿಣದ ತುಂಡು, ಅದನ್ನ ಅರ ಹಾಕಿ ಕೀಲಿ ಮಾಡೋನು ಒಳಗಿದಾನೆ, ಅವನು ಚುರುಕೋ ಸೋಮಾರಿಯೋ ಅನ್ನೋದು ಹುಟ್ಟಿನಿಂದ ಬಂದ ಜೀನ್ ಮೇಲೆ ಹೋಗತ್ತೆ.

ಹಾಗಂತ ಮೂಲ ಟ್ರಮಡಾಲ್ ಸುಮ್ನೆ ಕೂತಿರಲ್ಲ. ಇದು ಒಂದಕ್ಕೊಂದು ಕನ್ನಡಿಲಿ ಕಂಡ ಹಾಗಿರೋ ಎರಡು ಅಣುಗಳ ಅರ್ಧರ್ಧ ಮಿಶ್ರಣ, ಎಡಗೈ ಬಲಗೈ ಥರ. ಒಂದು ಕೈ ಸೆರೊಟೋನಿನ್ ವಾಪಸ್ ಹೀರಿಕೊಳ್ಳೋದನ್ನ ತಡೆಯತ್ತೆ, ಇನ್ನೊಂದು ನಾರ್‌ಅಡ್ರಿನಲಿನ್ ಹೀರಿಕೊಳ್ಳೋದನ್ನ ತಡೆಯತ್ತೆ, ಇವು ನರಗಳು ಸುದ್ದಿ ಸಾಗಿಸೋಕೆ ಬಳಸೋ ರಾಸಾಯನಿಕಗಳು, ಈ ಎರಡೂ ಸೇರಿ ಬೆನ್ನುಹುರಿಯಲ್ಲಿ ಮೇಲಕ್ಕೆ ಹೋಗೋ ನೋವಿನ ಸುದ್ದಿಯನ್ನ ತಗ್ಗಿಸತ್ತೆ. ಇದು ಹೆಚ್ಚೂಕಮ್ಮಿ ಡಿಪ್ರೆಷನ್ ಮಾತ್ರೆಗಳು ಮಾಡೋ ಕೆಲಸನೇ. ಒಂದು ಕ್ಯಾಪ್ಸೂಲ್ ಒಳಗೆ ಮೂರು ಔಷಧಿ ಅನ್ಕೊಳಿ, ಮೂರನೇದು, ಅಂದ್ರೆ ಎಂ1, ಎಷ್ಟು ಬರತ್ತೆ ಅನ್ನೋದು ನಿಮ್ಮ ನಿಮ್ಮ ಲಿವರ್ ಮೇಲೆ.

ಈಗ ಅಕ್ಕನ ವಿಷಯ.

ಅಕ್ಕನಿಗೆ ಮಂಡಿ ಬದಲಾಯಿಸಿದ್ರು. ಅವಳು ಏಳು ವರ್ಷದಿಂದ ಫ್ಲುಆಕ್ಸೆಟಿನ್ ತಗೋತಿದಾಳೆ, ಮನಸ್ಸಿನ ಕಾಯಿಲೆಗೆ, ಚೆನ್ನಾಗಿ ನಾಟಿದೆ, ಅವಳ ಜೀವನ ನಿಂತಿರೋದೇ ಅದರ ಮೇಲೆ. ಆಸ್ಪತ್ರೆ ಹೆಸರು ಹೇಳಲ್ಲ, ಅಡ್ಮಿಷನ್ ಫಾರ್ಮಲ್ಲಿ ಆ ಮಾತ್ರೆ ಹೆಸರು ನಾನೇ ಕೈಯಾರೆ ಬರೆದಿದ್ದೆ, ಸರ್ಜರಿ ಮುಗಿದು ವಾರ್ಡಿಗೆ ಬಂದ್ಮೇಲೆ ಆ ಹಾಳೆ ಯಾರೂ ತಿರುಗಿಸಿ ನೋಡಿಲ್ಲ. ಟ್ರಮಡಾಲ್ ಶುರು ಮಾಡಿದ್ರು. ಮೊದಲನೇ ದಿನ ರಾತ್ರಿ ಪೂರ್ತಿ ಅಳು, ನೋವು ಒಂದು ಕೂದಲೆಳೆಯಷ್ಟೂ ಇಳೀಲಿಲ್ಲ, ಬೆಳಿಗ್ಗೆ ರೌಂಡ್ಸ್‌ಗೆ ಬಂದೋರು ಸ್ವಲ್ಪ ತಡ್ಕೊಳಮ್ಮ ಎಲ್ರಿಗೂ ನೋವಿರತ್ತೆ ಅಂದು ಡೋಸ್ 100ಕ್ಕೆ ಏರಿಸಿ ಹೋದ್ರು. ಸಂಜೆ ನಾನು ಹೋದಾಗ ದಿಂಬು ನೆನೆದು ಹೋಗೋಷ್ಟು ಬೆವರು, ಕಣ್ಣಿನ ಪಾಪೆ ದೊಡ್ಡದಾಗಿದೆ, ಕೈ ನಡುಗ್ತಾ ಇದೆ, ಆಪರೇಷನ್ ಆಗದೇ ಇರೋ ಕಾಲಿನ ಪಾದ ಹಿಡಿದು ಮೇಲಕ್ಕೆ ಒತ್ತಿದೆ, ಅದು ಪಟಪಟ ಅಂತ ತಾನೇ ಬಡ್ಕೊಳ್ಳೋಕೆ ಶುರು ಆಯ್ತು, ಹೊಲಿಗೆ ಮಷೀನಿನ ಸೂಜಿ ಥರ, ಬಿಟ್ರೂ ನಿಲ್ತಿಲ್ಲ. ಅದಕ್ಕೆ ಕ್ಲೋನಸ್ ಅಂತಾರೆ, ಸೆರೊಟೋನಿನ್ ಮಿತಿ ಮೀರಿದ್ರೆ ಕಾಣೋ ಗಟ್ಟಿ ಗುರುತು ಅದು. ನಾನು ಡಾಕ್ಟರಲ್ಲ, ಆದ್ರೆ ಈ ಎರಡು ಔಷಧಿ ಒಂದೇ ರಕ್ತದಲ್ಲಿ ಜೊತೆಗಿದ್ರೆ ಏನಾಗತ್ತೆ ಅಂತ ಓದಿದ್ದೆ. ರಾತ್ರಿ ಡ್ಯೂಟಿಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ, ಅವರಿಗೆ ನಾನು ಜನ್ಮಪೂರ್ತಿ ಋಣಿ, ಎರಡು ನಿಮಿಷ ನನ್ನ ಮಾತು ಕೇಳಿದ್ರು, ಪಾದ ತಾವೇ ಒತ್ತಿ ನೋಡಿದ್ರು, ಟ್ರಮಡಾಲ್ ಅಲ್ಲೇ ನಿಲ್ಲಿಸಿದ್ರು, ನೋವಿಗೆ ಸಣ್ಣ ಡೋಸಲ್ಲಿ ಮಾರ್ಫಿನ್ ಹಾಕಿದ್ರು. ಅವತ್ತು ರಾತ್ರಿ ಅಕ್ಕ ಮೊದಲನೇ ಸಲ ನಿದ್ದೆ ಮಾಡಿದ್ಳು, ಮಾರನೇ ದಿನ ಸಂಜೆ ಹೊತ್ತಿಗೆ ನಡುಕ ಎಲ್ಲ ಇಳೀತು.

ಯಾಕೆ ಹೀಗಾಯ್ತು ಅಂದ್ರೆ, ಫ್ಲುಆಕ್ಸೆಟಿನ್ ಮತ್ತೆ ಪ್ಯಾರಾಕ್ಸೆಟಿನ್ ಇವೆರಡೂ ಆ 2ಡಿ6 ಎಂಜೈಮಿನ ಕತ್ತು ಹಿಸುಕೋದ್ರಲ್ಲಿ ನಿಸ್ಸೀಮ. ಎಂಜೈಮ್ ಕೆಲಸ ನಿಲ್ಸಿದ್ರೆ ಎಂ1 ಹುಟ್ಟಲ್ಲ, ಅದಕ್ಕೇ ಅವಳಿಗೆ ನೋವು ಇಳೀಲಿಲ್ಲ, ಅವಳು ನಾಟಕ ಮಾಡ್ತಿರ್ಲಿಲ್ಲ. ಕೀಲಿ ಆಗದೇ ಉಳಿದ ಟ್ರಮಡಾಲ್ ಎಲ್ಲಿ ಹೋಗ್ಬೇಕು, ರಕ್ತದಲ್ಲೇ ಏರ್ತಾ ಹೋಗಿ ಸೆರೊಟೋನಿನ್ ಕಡೆ ಕೆಲಸ ಜಾಸ್ತಿ ಮಾಡ್ತು, ಅಲ್ಲಿ ಮೊದಲೇ ಫ್ಲುಆಕ್ಸೆಟಿನ್ ಅದೇ ಕೆಲಸ ಮಾಡ್ತಾ ಕೂತಿತ್ತು. ಉಪಕಾರ ಸೊನ್ನೆ, ಅಪಾಯ ಎರಡು ಪಟ್ಟು, ಡೋಸ್ ಏರಿಸಿದಷ್ಟೂ ಹೆಚ್ಚಾಗಿದ್ದು ಅಪಾಯ ಮಾತ್ರ. ಆಪರೇಷನ್‌ಗೆ ಎರಡು ದಿನ ಮುಂಚೆ ಫ್ಲುಆಕ್ಸೆಟಿನ್ ನಿಲ್ಲಿಸಿದ್ರೂ ಪ್ರಯೋಜನ ಇರ್ತಿರ್ಲಿಲ್ಲ, ಅದು ಮತ್ತೆ ಅದರಿಂದ ಹುಟ್ಟೋ ನಾರ್‌ಫ್ಲುಆಕ್ಸೆಟಿನ್ ಮೈಯಲ್ಲಿ ವಾರಗಟ್ಟಲೆ ಇರತ್ತೆ, ತಾನಾಗೇ ನಿಲ್ಲಿಸೋದು ಬೇರೆ ಅಪಾಯ. ಮಾರ್ಫಿನ್‌ಗೆ ಈ ಎಂಜೈಮಿನ ಹಂಗಿಲ್ಲ, ಅದು ಬರೋವಾಗಲೇ ಕೀಲಿಯಾಗಿ ಬರತ್ತೆ, ಅದಕ್ಕೇ ಅದು ನಾಟ್ತು.

ಮಾತ್ರೆ ಏನೂ ತಗೊಳ್ದೆ ಹುಟ್ಟಿನಿಂದಲೇ ಈ ಎಂಜೈಮ್ ಕೆಲಸ ಮಾಡದೇ ಇರೋರೂ ಇದಾರೆ, ಯುರೋಪ್ ಮೂಲದವರಲ್ಲಿ ನೂರಕ್ಕೆ 5ರಿಂದ 10 ಜನ, ಪೂರ್ವ ಏಷ್ಯಾದವರಲ್ಲಿ ತೀರಾ ವಿರಳ. ಉಲ್ಟಾ ಕಡೆ ಜೀನಿನ ಪ್ರತಿಗಳೇ ಜಾಸ್ತಿ ಇದ್ದು ಎಂ1 ಅನ್ನ ಸುರಿಯೋರು ಇದಾರೆ, ಅವರಿಗೆ ಸಾಮಾನ್ಯ ಡೋಸೇ ಉಸಿರು ಕಟ್ಟಿಸಬಹುದು. ಮಕ್ಕಳ ವಿಷಯದಲ್ಲಿ ಇದು ಭಯಂಕರ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ 12 ವರ್ಷದೊಳಗಿನ ಮಕ್ಕಳಿಗೆ ಟ್ರಮಡಾಲ್ ಕೊಡಲೇಬಾರದು, ಟಾನ್ಸಿಲ್ ಅಥವಾ ಅಡಿನಾಯ್ಡ್ ತೆಗೆಸಿಕೊಂಡ 18ರೊಳಗಿನವರಿಗೂ ಕೊಡಬಾರದು ಅಂತ ಎಚ್ಚರಿಕೆ ಹಾಕ್ತು, ಎದೆಹಾಲು ಕುಡಿಸೋ ತಾಯಂದಿರೂ ಬೇಡ ಅಂತು. ಮನೇಲಿ ಉಳಿದ ಮಾತ್ರೆನ ಅರ್ಧ ಮಾಡಿ ಮಗುಗೆ ಕೊಡೋರು ಇದನ್ನ ದಯವಿಟ್ಟು ಎರಡು ಸಲ ಓದಿ.

ಈಗ ಲ್ಯಾಬ್ ಕಡೆ ಬರ್ತೀನಿ, ಇದು ನನ್ನ ಪ್ರೀತಿಯ ಭಾಗ, ಸ್ವಲ್ಪ ಉದ್ದ ಆದ್ರೆ ಸಹಿಸ್ಕೊಳಿ. ಮಾಮೂಲಿ ಓಪಿಯೇಟ್ (ಅಫೀಮಿನಿಂದ ಬರೋ ಮಾರ್ಫಿನ್ ಥರದ್ದು) ಮೂತ್ರ ಪರೀಕ್ಷೆ ಪಟ್ಟಿ ಇದೆಯಲ್ಲ, ಅದರಲ್ಲಿ ಟ್ರಮಡಾಲ್ ಕಾಣ್ಸೋದೇ ಇಲ್ಲ. ಆ ಪಟ್ಟಿಲಿರೋ ಆಂಟಿಬಾಡಿ ಮಾರ್ಫಿನ್ ಆಕಾರ ಹುಡುಕತ್ತೆ, ಟ್ರಮಡಾಲ್ ಆಕಾರ ಪೂರ್ತಿ ಬೇರೆ, ನೆಗೆಟಿವ್ ಬಂತು ಅಂತ ಓಪಿಯಾಯ್ಡ್ ಇಲ್ಲ ಅಂತ ಬರೆದ ರಿಪೋರ್ಟುಗಳನ್ನ ನಾನು ಕಣ್ಣಾರೆ ನೋಡಿದೀನಿ. ಟ್ರಮಡಾಲ್‌ಗೆ ಪ್ರತ್ಯೇಕ ಟೆಸ್ಟೇ ಬೇಕು, ಖಾತ್ರಿಗೆ ಮಾಸ್ ಸ್ಪೆಕ್ಟ್ರೋಮೀಟರ್, ಅಂದ್ರೆ ಅಣುವನ್ನ ಒಡೆದು ತುಂಡುಗಳ ತೂಕ ಅಳೆಯೋ ಮಷೀನ್, ಬೇಕು.

ಅದರಲ್ಲಿ ಹಳೇ ಥರದ್ದು, ಸ್ಯಾಂಪಲ್‌ನ ಆವಿ ಮಾಡಿ ಬೇರ್ಪಡಿಸೋ ಜಿಸಿ-ಎಂಎಸ್ ಮಷೀನಿಗೆ ಹಾಕಿದ್ರೆ ಟ್ರಮಡಾಲ್ ಒಡೆಯೋ ರೀತಿ ವಿಚಿತ್ರ, ಸಾರಜನಕ ಇರೋ ಸಣ್ಣ ತುದಿ ಮುರಿದು 58 ಅನ್ನೋ ಜಾಗದಲ್ಲಿ ಒಂದೇ ಒಂದು ಕಂಬ ಆಕಾಶಕ್ಕೆ ನಿಲ್ಲತ್ತೆ, ಪೂರ್ತಿ ಅಣುವಿನ ತೂಕ 263ರಲ್ಲಿ ಒಂದು ಚಿಕ್ಕ ಗೀಟು, ಮಧ್ಯ ಹೆಚ್ಚೂಕಮ್ಮಿ ಖಾಲಿ. ತೊಂದರೆ ಏನಂದ್ರೆ ಆ 58ರ ಕಂಬ ಇನ್ನೂ ಹತ್ತಾರು ಔಷಧಿಗಳು ಕೊಡತ್ತೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹೊಸ ಮಷೀನಿನ ಮೇಲೆ ಒಂದು ಸ್ಯಾಂಪಲ್ ನೋಡಿ ಟ್ರಮಡಾಲ್ ಅಂತ ಬರೆದುಬಿಟ್ಟಿದ್ದೆ, ಸೀನಿಯರ್ ಮೇಡಂ ಪೆನ್ನಿಟ್ಟು ಸಮಯದ ಗೆರೆ, ಅಂದ್ರೆ ಔಷಧಿ ಮಷೀನಿನ ಕೊಳವೆ ದಾಟಿ ಬರೋಕೆ ಹಿಡಿಯೋ ಸಮಯ, ತೋರ್ಸಿದ್ರು, ಪೀಕ್ ಅರ್ಧ ನಿಮಿಷ ಆಚೆ ಇದೆ ನೋಡು ಅಂತ. ಅದು ಡೆಸ್‌ವೆನ್ಲಫಾಕ್ಸಿನ್, ಡಿಪ್ರೆಷನ್ ಔಷಧಿ. ಟ್ರಮಡಾಲ್‌ನಲ್ಲಿ ಎಷ್ಟು ಕಾರ್ಬನ್ ಎಷ್ಟು ಹೈಡ್ರೋಜನ್ ಇದೆಯೋ ಅಷ್ಟಕ್ಕಷ್ಟೇ ಅದರಲ್ಲೂ ಇದೆ, ಜೋಡಣೆ ಮಾತ್ರ ಬೇರೆ, ಎರಡೂ 264ರಲ್ಲಿ ಬಂದು (ಹೊಸ ಮಷೀನಲ್ಲಿ 263ರ ಅಣುವಿಗೆ ಒಂದು ಹೈಡ್ರೋಜನ್ ಅಂಟಿಕೊಳ್ಳತ್ತೆ) 58ಕ್ಕೆ ಒಡೆಯತ್ತೆ. ಬಿಡಿಸಿ ಹೇಳೋದು ಅರ್ಧ ನಿಮಿಷದ ಅಂತರ, ಜೊತೆಗೆ ಡೆಸ್‌ವೆನ್ಲಫಾಕ್ಸಿನ್ ಕೊಡೋ 107ರ ತುಂಡು. ನನ್ನ ಆ ರಿಪೋರ್ಟ್ ಮೇಡಂ ಮೇಜಿಂದ ಆಚೆ ಹೋಗಿದ್ರೆ ಖಾಯಿಲೆಗೆ ಮಾತ್ರೆ ತಗೊಳೋ ಒಬ್ಬ ಮನುಷ್ಯನ ಹೆಸರಿಗೆ ಇಲ್ಲದ ಓಪಿಯಾಯ್ಡ್ ಅಂಟಿಕೊಳ್ತಿತ್ತು. ಇವತ್ತಿಗೂ 58 ನೋಡಿದ್ರೆ ಮೊದಲು ಕಣ್ಣು ಹೋಗೋದು ಸಮಯದ ಗೆರೆಗೆ.

ಇನ್ನೊಂದು ಸೊಗಸಾದ ವಿಷಯ. ಎಂ1 ಅಂದ್ರೆ ಆಮ್ಲಜನಕದ ಮೇಲಿನ ಮಿಥೈಲ್ ಹೋಗಿರೋದು, ಎಂ2 ಅಂದ್ರೆ ಸಾರಜನಕದ ಮೇಲಿನ ಮಿಥೈಲ್ ಹೋಗಿರೋದು, ಇದನ್ನ ಬೇರೆ ಎಂಜೈಮುಗಳು ಮಾಡತ್ತೆ, ಇದರಿಂದ ನೋವು ಹೋಗಲ್ಲ. ಎರಡರ ತೂಕನೂ ಒಂದೇ. ಆದ್ರೆ ಎಂ1 ಒಡೆದ್ರೆ ಅದೇ 58 ಬರತ್ತೆ, ಎಂ2 ಒಡೆದ್ರೆ 44 ಬರತ್ತೆ, ಸಾರಜನಕದ ಮೇಲೆ ಒಂದು ಮಿಥೈಲ್ ಕಮ್ಮಿ ಇದೆಯಲ್ಲ, 14ರ ವ್ಯತ್ಯಾಸ ಅಲ್ಲೇ ಕಾಣತ್ತೆ. ಹೀಗೆ ಮೂರನ್ನೂ ಬೇರೆ ಬೇರೆ ಅಳೆದು ಪಕ್ಕ ಪಕ್ಕ ಇಟ್ಟಾಗಲೇ ಕಥೆ ಹೊರಗೆ ಬರೋದು. 100 ಎಂಜಿ ನುಂಗಿದ್ರೆ ಸುಮಾರು ಎರಡು ಗಂಟೆಗೆ ರಕ್ತದಲ್ಲಿ ಮಿಲಿಲೀಟರಿಗೆ 300 ನ್ಯಾನೋಗ್ರಾಂ ಆಸುಪಾಸು ಟ್ರಮಡಾಲ್, ಮೂರು ಗಂಟೆಗೆ 55ರ ಆಸುಪಾಸು ಎಂ1, ಆಮೇಲೆ ಆರೇಳು ಗಂಟೆಗೊಮ್ಮೆ ಅರ್ಧ ಅರ್ಧ ಆಗ್ತಾ ಇಳಿಯತ್ತೆ. ಯಾರದ್ದಾದ್ರೂ ರಕ್ತದಲ್ಲಿ ಟ್ರಮಡಾಲ್ ಬೆಟ್ಟದಷ್ಟಿದ್ದು ಎಂ1 ಚೂರೇ ಚೂರು ಇದ್ರೆ, ಈಗಷ್ಟೇ ನುಂಗಿದ್ದಾ, ಅಥವಾ ಎಂಜೈಮ್ ಕೆಲಸ ಮಾಡ್ತಿಲ್ವಾ, ಅಥವಾ ಅಕ್ಕನ ಥರ ಇನ್ನೊಂದು ಮಾತ್ರೆ ತಡೆದಿದ್ಯಾ ಅಂತ ಕೇಳ್ಬೇಕು, ಅದೇ ರಕ್ತದಲ್ಲಿ ಫ್ಲುಆಕ್ಸೆಟಿನ್ ಹುಡುಕಬೇಕು, ಜೀನ್ ಕೂಡ ನೋಡಬಹುದು. ಸತ್ತವರಾದ್ರೆ ಹೃದಯದ ರಕ್ತ ನಂಬೋ ಹಾಗಿಲ್ಲ, ಸತ್ತ ಮೇಲೂ ಔಷಧಿಗಳು ಅಂಗಗಳಿಂದ ಸೋರಿ ಜಾಗ ಬದಲಾಯಿಸ್ತವೆ, ತೊಡೆಯ ರಕ್ತನಾಳದ್ದೇ ತಗೋಬೇಕು. ಟ್ರಮಡಾಲ್ ಇಷ್ಟಿದೆ ಅಂತ ಒಂದೇ ಒಂದು ನಂಬರ್ ಬರೆದು, ಇದರಿಂದಲೇ ಸತ್ತ ಅಥವಾ ಇದರಿಂದ ಸಾಯಲಿಲ್ಲ ಅಂತ ತೀರ್ಮಾನ ಮಾಡೋದನ್ನ ನಾನು ಒಪ್ಪಲ್ಲ, ಲ್ಯಾಬಲ್ಲಿ ಇದಕ್ಕೆ ಜಗಳನೂ ಮಾಡಿದೀನಿ.

ಕ್ಯಾಮರೂನ್ ಗಿಡದ ಕಥೆ ಹೇಳದೇ ಮುಂದೆ ಹೋಗೋಕೆ ಮನಸ್ಸಿಲ್ಲ. 2013ರಲ್ಲಿ ಫ್ರಾನ್ಸ್‌ನ ಗ್ರೆನೋಬಲ್ ಕಡೆಯ ವಿಜ್ಞಾನಿಗಳು, ಆಫ್ರಿಕಾದಲ್ಲಿ ನಾಟಿ ಔಷಧಿಗೆ ಬಳಸೋ ನೌಕ್ಲಿಯಾ ಲ್ಯಾಟಿಫೋಲಿಯಾ ಅನ್ನೋ ಗಿಡದ ಬೇರಲ್ಲಿ ಟ್ರಮಡಾಲ್ ಇದೆ, ಮನುಷ್ಯ ಕಾರ್ಖಾನೇಲಿ ಮಾಡಿದ್ದನ್ನ ಪ್ರಕೃತಿ ಮೊದಲೇ ಮಾಡಿತ್ತು ಅಂತ ಪ್ರಕಟಿಸಿದ್ರು, ಜಗತ್ತೆಲ್ಲ ಸುದ್ದಿ ಆಯ್ತು. ಮಾರನೇ ವರ್ಷ ಜರ್ಮನಿಯ ಡಾರ್ಟ್‌ಮುಂಡ್‌ನವರು ಹೋಗಿ ನೋಡಿದ್ರೆ ದೇಶದ ಉತ್ತರ ಭಾಗದ ಗಿಡಗಳಲ್ಲಿ ಮಾತ್ರ ಇದೆ, ದಕ್ಷಿಣದ ಅದೇ ಗಿಡದಲ್ಲಿ ಇಲ್ಲ. ಉತ್ತರದ ಬೇರಲ್ಲಿ ಟ್ರಮಡಾಲ್ ಜೊತೆಗೆ ಪ್ರಾಣಿಗಳ ಮೈಯಲ್ಲಿ ಮಾತ್ರ ಆಗೋ ಅದರ ಮೆಟಬಾಲೈಟುಗಳೂ (ಎಂ1, ಎಂ2 ಥರ ಬದಲಾದ ರೂಪಗಳು) ಸಿಕ್ವು, ಬೇರೆ ಗಿಡಗಳಲ್ಲೂ ಮಣ್ಣಲ್ಲೂ ನೀರಲ್ಲೂ ಸಿಕ್ವು. ಅಲ್ಲಿನ ರೈತರು ಬಿಸಿಲಲ್ಲಿ ದುಡಿಯೋಕೆ ತಾವೂ ಟ್ರಮಡಾಲ್ ನುಂಗಿ ದನಗಳಿಗೂ ಕೊಡ್ತಿದ್ರು, ಗಂಜಲ ಮಣ್ಣಿಗೆ ಹೋಗಿ ಬೇರು ಹೀರ್ಕೊಂಡಿತ್ತು. ಆಮೇಲೆ ಕಾರ್ಬನ್-14 ಅಳೆದು ನೋಡಿ ಇದು ಕಾರ್ಖಾನೆ ಮಾಲೇ ಅಂತ ಗಟ್ಟಿ ಮಾಡಿದ್ರು, ಗಿಡ ಗಾಳಿಯಿಂದ ಮಾಡಿದ್ರೆ ಅದರಲ್ಲಿ ಕಾರ್ಬನ್-14 ಇರ್ಬೇಕು, ಪೆಟ್ರೋಲಿಯಂನಿಂದ ಮಾಡಿದ್ರಲ್ಲಿ ಅದು ಲಕ್ಷಾಂತರ ವರ್ಷದಲ್ಲಿ ಸವೆದು ಹೋಗಿರತ್ತೆ. ಬಿಸಿಲಲ್ಲಿ ಮೈ ನೋವು ಮರೆಯೋಕೆ ಎತ್ತಿಗೂ ಇದನ್ನ ತಿನ್ಸೋ ಪರಿಸ್ಥಿತಿ ನೆನೆಸ್ಕೊಂಡ್ರೆ ಹೊಟ್ಟೆ ಕಿವುಚತ್ತೆ.

ನನ್ನ ಸಿಟ್ಟೆಲ್ಲ ಇರೋದು ಸಾಧು ಓಪಿಯಾಯ್ಡ್, ಮೈಲ್ಡ್ ಅನ್ನೋ ಮಾತಿನ ಮೇಲೆ. ನೋವಿಗೆ ಯಾವ ಹಂತದಲ್ಲಿ ಯಾವ ಔಷಧಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಮಾಡಿದ ನೋವಿನ ಮೆಟ್ಟಿಲಲ್ಲಿ ಎರಡನೇ ಮೆಟ್ಟಿಲು ಅಂತ ಇಟ್ಟಿದ್ದಕ್ಕೆ ಎಲ್ರೂ ಧೈರ್ಯವಾಗಿ ಬರೀತಾರೆ. ದಿನಕ್ಕೆ 400 ಎಂಜಿ ಮೇಲ್ಮಿತಿ, 75 ವರ್ಷ ದಾಟಿದೋರಿಗೆ 300, ಕಿಡ್ನಿ ತೀರಾ ಸೋತಿರೋರಿಗೆ 200, ಇದನ್ನ ದಾಟಿದ್ರೆ ಫಿಟ್ಸ್ ಬರೋ ಸಾಧ್ಯತೆ ಏರತ್ತೆ, ಕೆಲವರಿಗೆ ಮಿತಿ ಒಳಗೇ ಬಂದಿದೆ, ಅಪಸ್ಮಾರ ಇರೋರು ಹತ್ರನೂ ಹೋಗ್ಬಾರ್ದು. ಜಾಸ್ತಿ ಆಗಿ ಉಸಿರು ನಿಂತಾಗ ಕೊಡೋ ನಾಲೋಕ್ಸೋನ್ ಇದರಲ್ಲಿ ಓಪಿಯಾಯ್ಡ್ ಅರ್ಧವನ್ನ ಮಾತ್ರ ಬಿಡಿಸತ್ತೆ, ಸೆರೊಟೋನಿನ್ ಅರ್ಧ ಹಾಗೇ ಉಳಿಯತ್ತೆ. ತಿಂಗಳುಗಟ್ಟಲೆ ತಗೊಂಡು ದಿಢೀರ್ ನಿಲ್ಸಿದ್ರೆ ಬರೋ ಸಂಕಟನೂ ಎರಡು ಥರ, ಬೆವರು ಭೇದಿ ಮೈಕೈ ಮುರಿತ ಒಂದು ಕಡೆ, ಗಾಬರಿ ಮತ್ತೆ ಮೈ ಜುಮ್ ಅನ್ನೋದು ಇನ್ನೊಂದು ಕಡೆ, ಡಾಕ್ಟರ್ ಹೇಳಿದ ಹಾಗೆ ಮೆಲ್ಲಗೆ ಇಳಿಸಬೇಕು. ನಿದ್ದೆ ಮಾತ್ರೆ ಅಥವಾ ಕುಡಿತದ ಜೊತೆ ಅಂತೂ ಬೇಡವೇ ಬೇಡ. ದಿನಕ್ಕೊಂದೇ ಅನ್ನೋ ನಿಧಾನ ಬಿಡುಗಡೆ ಮಾತ್ರೆನ ಕುಟ್ಟಿ ಪುಡಿ ಮಾಡಬಾರದು, ಇಡೀ ದಿನದ್ದು ಒಂದೇ ಸಲಕ್ಕೆ ಒಳಗೆ ಹೋಗತ್ತೆ. ಸೈಕಲ್ ರೇಸಲ್ಲಿ ಇದನ್ನ ನುಂಗಿ ಓಡ್ತಾರೆ ಅಂತ 2019ರಲ್ಲಿ ಆ ಆಟದ ಅಂತಾರಾಷ್ಟ್ರೀಯ ಸಂಸ್ಥೆ ನಿಷೇಧ ಹಾಕ್ತು, 2024ರಿಂದ ಎಲ್ಲಾ ಆಟಗಳ ಸ್ಪರ್ಧೆ ಹೊತ್ತಲ್ಲೂ ನಿಷೇಧ, ಸಾಧು ಔಷಧಿಗೆ ಇಷ್ಟೆಲ್ಲ ಯಾಕೆ ಬೇಕಾಗತ್ತೆ ಹೇಳಿ.

ಮಾರ್ಕ್ಸ್ ಕೇಳಿದ್ರೆ, ನನ್ನ ಭುಜಕ್ಕೆ ಐದಕ್ಕೆ ನಾಲ್ಕು, ಹೊಟ್ಟೆ ತೊಳೆಸಿದ್ದಕ್ಕೆ ಒಂದು ಕಟ್. ಅಕ್ಕನಿಗೆ ಸೊನ್ನೆ. ಇವೆರಡನ್ನ ಕೂಡಿಸಿ ಸರಾಸರಿ ತೆಗೆಯೋದು ತಪ್ಪು, ಅವಳಿಗೂ ನನಗೂ ಸಿಕ್ಕಿದ್ದು ಒಂದೇ ಔಷಧಿ ಅಲ್ಲ. ಬರೆದು ಕೊಡೋರ ಹತ್ರ ಕೂತಾಗ ತಗೊಳೋ ಎಲ್ಲಾ ಮಾತ್ರೆ ಹೆಸರು ಬಾಯಿಬಿಟ್ಟು ಹೇಳಿ, ಅದ್ರಲ್ಲೂ ಮನಸ್ಸಿನ ಕಾಯಿಲೆ ಮಾತ್ರೆನ ನಾಚ್ಕೊಂಡು ಮುಚ್ಚಿಡಬೇಡಿ. ಮುಂಚೆ ಕೊಡೀನ್ ಕೊಟ್ಟಾಗ ನಾಟಿರಲಿಲ್ಲ ಅಂದ್ರೆ ಅದನ್ನೂ ಹೇಳಿ, ಅದನ್ನ ಮಾರ್ಫಿನ್ ಮಾಡೋದೂ ಇದೇ ಎಂಜೈಮು. ನಾಟ್ತಿಲ್ಲ ಅಂದ್ರೆ ನಾಟ್ತಿಲ್ಲ ಅಂತ ಜೋರಾಗಿ ಹೇಳಿ, ನೀವಾಗೇ ಇನ್ನೊಂದು ನುಂಗಬೇಡಿ.

ನನ್ನ ಹತ್ರ ಏಳು ಕ್ಯಾಪ್ಸೂಲ್ ಉಳಿದಿತ್ತು, ಔಷಧಿ ಅಂಗಡಿಯವರು ವಾಪಸ್ ತಗೋತಾರಾ ಅಂತ ಕೇಳಿ ಕೊಟ್ಟು ಬಂದೆ, ಆ ಗಿಡದ ಕಥೆ ಓದಿದ ಮೇಲೆ ಟಾಯ್ಲೆಟ್ಟಿಗೆ ಹಾಕೋಕೆ ಕೈ ಬರಲ್ಲ. ಅಕ್ಕನ ಫೈಲಿನ ಹೊರಗಿನ ರಟ್ಟಿನ ಮೇಲೆ ಈಗ ಕೆಂಪು ಮಾರ್ಕರಲ್ಲಿ ಬರೆದಿದೀನಿ, ಫ್ಲುಆಕ್ಸೆಟಿನ್ ತಗೋತಾರೆ, ಟ್ರಮಡಾಲ್ ಬೇಡ, ಒಳಗಿನ ಹಾಳೆ ತಿರುಗಿಸದೇ ಇದ್ರೂ ಕಾಣೋ ಹಾಗೆ. ಹೋದ ವಾರ ಹಲ್ಲು ಕೀಳಿಸೋಕೆ ಹೋದಾಗ ಡಾಕ್ಟರ್ ಪೆನ್ನೆತ್ತಿ ಬರೆಯೋಕೆ ಹೋಗಿ ಆ ರಟ್ಟು ನೋಡಿ ನಿಲ್ಸಿದ್ರಂತೆ.